ಮುಳಬಾಗಿಲಿನ ಉತ್ತರಕ್ಕೆ ದಾರಿ ತೋರಿಸಿದ ಮುನಿಯಲ್ಲಪ್ಪ

ಹಿಂದಿನ ಕಾಲದ ವೀರರು ದಿಗ್ವಿಜಯಕ್ಕೆ ಹೊರಡುವಾಗ ಆನೆ ಎಷ್ಟು, ಕುದುರೆ ಎಷ್ಟು ಎಂದು ಕೇಳುತ್ತಿದ್ದರು. ನಮ್ಮ ಶ್ರೀನಿವಾಸಪುರದ ಮುನಿಯಲ್ಲಪ್ಪ ಕೇಳುವುದು ಒಂದೇ: ‘ಯಾವ ಕಡೆಯಿಂದ?’ ಕೋಲಾರದ ಬಸ್ಸು ಹತ್ತುವಾಗ ಕಂಡಕ್ಟರನ್ನು ಕೇಳುತ್ತಾನೆ. ತಾನು ಹತ್ತದ ಬಸ್ಸುಗಳ ಕಂಡಕ್ಟರುಗಳನ್ನೂ ಕೇಳುತ್ತಾನೆ. ಸಪ್ತಪದಿ ತುಳಿಯುವಾಗ ಪುರೋಹಿತರನ್ನೂ ಹೀಗೇ ಕೇಳಿದನೆಂದು ಅವನ ಹೆಂಡತಿ ಮುನಿಲಕ್ಷ್ಮಿ ಆಣೆ ಮಾಡಿ ಹೇಳುತ್ತಾಳೆ.

ಈ ಮಹಾಪುರುಷ ಇಪ್ಪತ್ತು ವರ್ಷ ಮಾವಿನ ಮಂಡಿಯಲ್ಲಿ ಲಾರಿ ಡ್ರೈವರುಗಳಿಗೆ ದಾರಿಚೀಟಿ ಬರೆದುಕೊಟ್ಟವನು. ಬೆಳೆಗಾರರ ಸಂಘ ಹರಾಜನ್ನು ಕಂಪ್ಯೂಟರಿಗೆ ಏರಿಸಿದಾಗ, ಗೋದಾಮಿನ ಪಕ್ಕದ ಕೋಣೆಯ ಯೂನಿಕ್ಸ್ ಸರ್ವರಿಗೆ ಇವನನ್ನೇ ಕಾವಲು ಹಾಕಿದರು. ಧೂಳು ಒರೆಸುವುದು, ಏಸಿ ನೋಡಿಕೊಳ್ಳುವುದು, ಮಾಲೂರಿನಿಂದ ಇಂಜಿನಿಯರ್ ಕದಿರೇಶ್ ಬಂದರೆ ಟೀ ತರಿಸುವುದು. ಟೀ ಕುಡಿಯುತ್ತ ಕದಿರೇಶ್ ಹೇಳಿಕೊಟ್ಟ ನಾಲ್ಕು ಕಮಾಂಡುಗಳು ಹಳೆಯ ಚೀಟಿ ಪುಸ್ತಕದ ಬೆನ್ನ ಮೇಲಿದ್ದವು.

ಹೋದ ಮೇ ತಿಂಗಳು ಒಂದು ಬೆಳಿಗ್ಗೆ ಹತ್ತು ಗಂಟೆಗೆ ಸಂಘದ ಮುಳಬಾಗಿಲು ಕೇಂದ್ರದ ಶಾಮಲಮ್ಮ ಫೋನ್ ಮಾಡಿದರು.

“ಅಣ್ಣಾ, ಸ್ಕ್ರೀನು ಬರೀ ಸುತ್ತುತ್ತಾ ಐತೆ! ಹಣ್ಣಿನ ಒಂದು ಲಾಟೂ ಹರಾಜಿಗೆ ಏರ್ತಾ ಇಲ್ಲ. ಬಾದಾಮಿ ಎಲ್ಲಾ ಹದಕ್ಕೆ ಬಂದೈತೆ. ಇವತ್ತಿನ ಹರಾಜು ತಪ್ಪಿದ್ರೆ ನಾಳೆ ಹಣ್ಣು ಮಾರೋದಲ್ಲ, ರಸಾಯನ ಹಂಚಬೇಕು!”

ಹರಾಜು ಹನ್ನೊಂದಕ್ಕೆ. ನಲವತ್ತು ರೈತರ ಹಣ್ಣು ಬುಟ್ಟಿಯಲ್ಲಿ ಕೂತು ಕಾಯುತ್ತಿತ್ತು.

ಸುದ್ದಿ ಮುಟ್ಟಿದ ಕೂಡಲೇ ಕದಿರೇಶ್ ಮಾಲೂರಿನಲ್ಲೇ ಕೂತು ಸರ್ವರನ್ನು ತಡಕಿ ನೋಡಿ ಮುನಿಯಲ್ಲಪ್ಪನಿಗೆ ಫೋನ್ ಮಾಡಿದ. “ಮುಳಬಾಗಿಲಿನ ರಿಕ್ವೆಸ್ಟು ಬಂದು ಬೀಳ್ತಾ ಇದೆ ಕಣಣ್ಣ. ಸರ್ವರು ಉತ್ತರಾನೂ ಕೊಡ್ತಾ ಇದೆ. ಅವರಿಗೇ ಮುಟ್ತಾ ಇಲ್ಲ. ಅಲ್ಲಿನ ಮಿಷನ್ನೇ ಕೆಟ್ಟಿರಬೇಕು. ಬೈಕಲ್ಲಿ ಹೊರಟ್ರೆ ಹನ್ನೊಂದೂವರೆಗೆ ಅಲ್ಲಿರ್ತೀನಿ.”

“ಉತ್ತರ ಯಾವ ಕಡೆಯಿಂದ ಹೋಗ್ತಾ ಐತೆ?”

“ಶುರುವಾಯ್ತು! ಇದೇನು ಬಸ್ಸಾ? ಬಂದ ದಾರೀಲೇ ಹೋಗುತ್ತೆ. ಕೋಲಾರದ ಮೇಲೆ, ಹೋದ ತಿಂಗಳು ಹಾಕಿದ ಹೊಸ ಲೈನಲ್ಲಿ.”

“ಹೋಗುತ್ತೋ, ಹೋಗಬೇಕೋ?”

ಕದಿರೇಶ್ ಬೈಕು ಒದೆಯಲು ಹೋಗಿದ್ದ.

ನಮ್ಮ ವೀರ ಚಪ್ಪಲಿ ಹೊರಗೆ ಬಿಟ್ಟು, ಏಸಿ ಚಳಿಗೆ ತಲೆಗೆ ಟವೆಲು ಸುತ್ತಿ, ಪೀಠಾರೋಹಣ ಮಾಡಿದ. ಚೀಟಿ ಪುಸ್ತಕ ನೋಡಿಕೊಂಡು ಒಂದೇ ಬೆರಳಿನಲ್ಲಿ ‘ನೆಟ್‌ಸ್ಟ್ಯಾಟ್ ಮೈನಸ್ ಆರ್‌ಎನ್’ ಒತ್ತಿದ. ರೂಟಿಂಗ್ ಟೇಬಲ್, ಅಂದರೆ ಸರ್ವರಿನ ದಾರಿಪಟ್ಟಿ, ಎದ್ದು ನಿಂತಿತು. ನೋಡಿದರೆ ತನ್ನದೇ ಕಸುಬು! ಎಡಗಡೆ ಸೇರಬೇಕಾದ ಊರು, ಪಕ್ಕದಲ್ಲಿ ಯಾರ ಕೈಗೆ ಒಪ್ಪಿಸಬೇಕೆಂಬ ವಿಳಾಸ. ಊರಿನ ಬದಲು ನಂಬರು, ಅಷ್ಟೇ. ಸೊನ್ನೆಗಳೇ ತುಂಬಿದ ಸಾಲು ಚೀಟಿ ಇಲ್ಲದವರಿಗೆ: ಹೋಗಿ, ಎಲ್ಲರೂ ಕೋಲಾರದ ಕೈಗೆ. ಆದರೆ ಮುಳಬಾಗಿಲಿಗೆ ಬೇರೆಯದೇ ಒಂದು ಸಾಲಿತ್ತು. ಹೆಸರು ಹಿಡಿದು ಬರೆದ ಚೀಟಿ ಕೈಯಲ್ಲಿದ್ದರೆ ಯಾವ ಡ್ರೈವರೂ ಸಾಮಾನ್ಯ ದಾರಿಯ ಕಡೆ ಕಣ್ಣು ಹಾಯಿಸುವುದಿಲ್ಲ. ಮಂಡಿಯಲ್ಲೂ ಹಾಗೇ, ಯೂನಿಕ್ಸಿನಲ್ಲೂ ಹಾಗೇ.

ಆ ಸಾಲು ಒಪ್ಪಿಸುತ್ತಿದ್ದ ಕೈ ಯಾರದು? ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ಆ ನಂಬರಿನ ಎದುರು ಬರೆದಿತ್ತು: ದೇವರಾಯಸಮುದ್ರ, ಬಚ್ಚಮ್ಮನ ತಾರಸಿ. ಹೋದ ವರ್ಷ ರಸ್ತೆ ಅಗೆದು ಕೇಬಲ್ ತುಂಡಾದಾಗ ಮುಳಬಾಗಿಲಿಗೆ ಗಾಳಿಯಲ್ಲೇ ಸಂದೇಶ ದಾಟಿಸಲು ಅಲ್ಲೊಂದು ರೇಡಿಯೋ ಡಬ್ಬಿ ಕೂರಿಸಿದ್ದರು. ಮುನಿಯಲ್ಲಪ್ಪ ಬಚ್ಚಮ್ಮನಿಗೆ ಫೋನ್ ಹಚ್ಚಿದ.

“ಬಚ್ಚಮ್ಮಕ್ಕಾ, ತಾರಸಿ ಮೇಲಿನ ಡಬ್ಬಿ ಐತಾ?”

“ಹೊಸ ಲೈನ್ ಬಂತು, ತಗೊಂಡು ಹೋಗ್ತೀವಿ ಅಂದು ತಿಂಗಳಾಯ್ತು, ಬಂದ್ರೇನಯ್ಯಾ? ನಿನ್ನೆ ಸಾಯಂಕಾಲ ನಾನೇ ಕಿತ್ತಿಟ್ಟೆ. ಈಗ ಸಂಡಿಗೆ ಇಟ್ಟಿದೀನಿ. ತಿರುಗಾ ಡಬ್ಬಿ ಇಡ್ತೀನಿ ಅಂತ ಮೇಲೆ ಹತ್ತಿದ್ರೆ ಕಾಲು ಮುರೀತೀನಿ!”

“ಬೇಡಕ್ಕಾ. ಚೆನ್ನಾಗಿ ಒಣಗಲಿ.”

ಹೊಸ ಲೈನಿನ ವೇಗವನ್ನು ಸಂಘವೆಲ್ಲ ಒಂದು ತಿಂಗಳು ಹೊಗಳಿತ್ತು. ಮುಳಬಾಗಿಲಿನ ಪ್ರತಿಯೊಂದು ಉತ್ತರವೂ ಅಷ್ಟು ದಿನ ಬಚ್ಚಮ್ಮನ ತಾರಸಿ ಹಾರಿಕೊಂಡೇ ಹೋಗಿತ್ತು!

ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಕದಿರೇಶ್ ಫೋನಿನಲ್ಲಿ ಸಂಗತಿ ಕೇಳಿ ಹಣೆ ಚಚ್ಚಿಕೊಂಡ. “ಅಯ್ಯಯ್ಯೋ, ಆ ಸಾಲು ತೆಗೆಯೋದು ಮರೆತಿದ್ದೆ. ತೆಗಿ ಅಣ್ಣಾ! ಅದೊಂದೇ. ಸೊನ್ನೆ ಸಾಲು ಮುಟ್ಟಿದ್ಯೋ, ನಾನೂ ಇಲ್ಲ ನೀನೂ ಇಲ್ಲ.” ಕಮಾಂಡನ್ನು ಒಂದೊಂದೇ ಅಕ್ಷರ ಹೇಳಿದ. ಮುನಿಯಲ್ಲಪ್ಪ ಒತ್ತಿದ, ಮೂರು ಸಲ ನೋಡಿದ, ಎಂಟರ್ ಕುಟ್ಟಿದ. ಸಾಲು ಮಾಯ. ಚೀಟಿ ಕಳೆದುಕೊಂಡ ಉತ್ತರಗಳು ಕೋಲಾರದ ಹೆದ್ದಾರಿ ಹಿಡಿದವು.

“ಬಂತೂ!” ಎಂದು ಶಾಮಲಮ್ಮ ಕಿರುಚಿದ್ದು ಫೋನಿಲ್ಲದೆಯೂ ಕುರುಡುಮಲೆಯವರೆಗೆ ಕೇಳಿಸಿರಬೇಕು. ಕೊನೆಯ ಲಾಟು ಏರಿದಾಗ ಗಂಟೆ ಹತ್ತು ಐವತ್ತೆಂಟು. ಹನ್ನೊಂದಕ್ಕೆ ಹರಾಜಿನ ಗಂಟೆ ಬಾರಿಸಿತು. ಮುಳಬಾಗಿಲಿನ ಬಾದಾಮಿಗೆ ವ್ಯಾಪಾರಿಗಳು ಮುಗಿಬಿದ್ದರು.

ಮಧ್ಯಾಹ್ನ ಮಂಡಿಯಲ್ಲೇ ಸನ್ಮಾನ. ಶಾಲು, ಪೇಟ, ಮಾವಿನ ಬುಟ್ಟಿ. ಸಂಘದ ಅಧ್ಯಕ್ಷ ಆವಲಪ್ಪನವರು ಮೈಕು ಹಿಡಿದು, “ಓದಿದ ಇಂಜಿನಿಯರಿಗೇ ಕಾಣದ ದೋಷ ತಮ್ಮ ದಿವ್ಯದೃಷ್ಟಿಗೆ ಹೇಗೆ ಕಂಡಿತು, ಸಭೆಗೆ ತಿಳಿಸಬೇಕು” ಎಂದು ಬೇಡಿದರು. ಕದಿರೇಶ್ ಕೂಡ ಬರೆದುಕೊಳ್ಳಲು ಪೆನ್ನು ತೆಗೆದ. ಇಡೀ ಮಂಡಿ ಕಿವಿ ನಿಮಿರಿಸಿತು.

ಮುನಿಯಲ್ಲಪ್ಪ ಜಾರುತ್ತಿದ್ದ ಪೇಟ ಸರಿಮಾಡಿಕೊಂಡು ಹೇಳಿದ:

“ಆರೇ ಸಾಲು ಇತ್ತು ಸಾರ್. ಓದಿದೆ.”