ಕಾಕಾ ಬರೆಸಿದ ಎರಡನೆಯ ನಕ್ಷೆ

ಕಾಕಾ ಅವರ ಬಲ ಹೆಗಲು ಎಡ ಹೆಗಲಿಗಿಂತ ಎರಡು ಬೆರಳು ತಗ್ಗಿನಲ್ಲಿತ್ತು. ಮೂವತ್ತು ವರ್ಷ ಅದೇ ಹೆಗಲಿಗೆ ಕಲ್ಲಿನ ಚೀಲ ಹಾಕಿಕೊಂಡು ಗುಡ್ಡ ಹತ್ತಿ ಇಳಿದವರು. ನಿವೃತ್ತರಾದ ಮೇಲೆ ಬರಿಗೈಯಲ್ಲಿ ಹಾಲು ತರಲು ಹೊರಟರೂ ವಾಲಿಕೊಂಡೇ ನಡೆಯುತ್ತಿದ್ದರು.

ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ ಅವರದು ನಮ್ಮ ಎದುರು ಮನೆ. ರಾಯಚೂರು ಕಡೆಯವರು, ಸರ್ಕಾರಿ ನೌಕರಿಯಲ್ಲಿ ಭೂವಿಜ್ಞಾನಿಯಾಗಿದ್ದವರು. ನನ್ನ ಅಪ್ಪ ರೈಲ್ವೆಯಲ್ಲಿದ್ದರು. ಆ ಓಣಿಯಲ್ಲಿ ಕನ್ನಡ ಮಾತಾಡುವ ಮನೆಗಳು ಎರಡೇ ಆದ್ದರಿಂದ ಅವರು ನನಗೆ ಕಾಕಾ ಆದರು. ನಾನು ಹುಡುಗಿಯರ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಒಂದು ಭಾನುವಾರ ಬಾಗಿಲಲ್ಲೇ ನಿಂತು ಕೇಳಿದರು:

"ತಂಗಿ, ಕೈ ನಡಗಾಕತ್ತೈತಿ. ಗೆರಿ ಸೀದಾ ಬರವಲ್ದು. ಒಂದು ನಕ್ಷಾ ಬರದು ಕೊಡ್ತೀ ಏನು?"

ಆಂಧ್ರಪ್ರದೇಶ ಹೈದರಾಬಾದನ್ನು ರಾಜಧಾನಿ ಮಾಡಿಕೊಂಡ ಹೊಸತರಲ್ಲಿ, ಎಳೆಯ ಅಧಿಕಾರಿಯಾಗಿದ್ದ ಕಾಕಾ ಕಡಪದ ಕಡೆಯ ಗುಡ್ಡಗಳಿಗೆ ಹೋಗಿದ್ದರು. ಸರ್ಪೆಂಟೈನ್ ಎಂಬ ಕಲ್ಲು ಎಲ್ಲೆಲ್ಲಿ ನೆಲದ ಮೇಲೆ ಎದ್ದಿದೆ ಎಂದು ಗುರುತು ಹಾಕುವುದು ಕೆಲಸ. ಹಾವಿನ ಮೈಯಂತೆ ನುಣುಪಾದ ಹಸಿರು ಕಲ್ಲು. ಅದರ ಸೀಳುಗಳಲ್ಲಿ ರೇಷ್ಮೆಯಂಥ ಬಿಳಿ ಎಳೆ. ಅದೇ ಕಲ್ನಾರು, ಆಸ್‌ಬೆಸ್ಟಾಸ್. ಆ ನಕ್ಷೆಯ ಬೆನ್ನಿಗೇ ಗಣಿ ಬಂತು. ಗಣಿಯ ಧೂಳು ಜನರ ಎದೆಯಲ್ಲಿ ಕೂತಿತು. ಕೊನೆಗೆ ಗಣಿಯೇನೋ ಮುಚ್ಚಿತು, ಆದರೆ ಕಲ್ಲು ಎಲ್ಲಿಗೆ ಹೋದೀತು? ಜನ ಅದನ್ನೇ ಕುಟ್ಟಿ ಗೋಡೆಗೆ ಮೆತ್ತುತ್ತಿದ್ದರು. ಮಕ್ಕಳು ಅದರ ಎಳೆ ಬಿಡಿಸಿ ಆಡುತ್ತಿದ್ದರು. ಯಾವ ಬಂಡೆಯಲ್ಲಿ ನಾರಿದೆ, ಯಾವುದರಲ್ಲಿಲ್ಲ ಎಂದು ಮತ್ತೊಮ್ಮೆ ಗುರುತು ಹಾಕಬೇಕೆಂದು ಕಾಕಾ ಹಟ ಹಿಡಿದಿದ್ದರು. ಹಾಗೆ ಮಾಡಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಬೇಸಿಗೆ ರಜೆಯಲ್ಲಿ ಅವರ ಜೊತೆ ಆ ಗಣಿಯ ಊರಿಗೆ ಹೊರಟೆ. ಊರಿನ ಶಾಲೆಯ ಮಾಸ್ತರರು, ಪೋಸ್ಟ್‌ಮ್ಯಾನ್, ಹಿಂದೆ ಗಣಿಯಲ್ಲಿ ನಾರು ಬಡಿಯುತ್ತಿದ್ದ ನಾಲ್ವರು ಹೆಂಗಸರು, ಇಷ್ಟು ಜನ ತಾವಾಗಿಯೇ ಬಂದು ಕೂಡಿಕೊಂಡರು. ಕಾಕಾ ಎಲ್ಲರ ಮೂಗಿಗೂ ಒದ್ದೆ ಬಟ್ಟೆ ಕಟ್ಟಿಸಿದರು. ಕಲ್ಲು ಒಡೆಯಲು ಯಾರಿಗೂ ಬಿಡಲಿಲ್ಲ. ನಾನು ಅಂದಾಜಿನ ಮೇಲೆ ಗೆರೆ ಕೂಡಿಸಲು ಹೋದರೆ ಪೆನ್ಸಿಲ್ ಹಿಡಿದುಬಿಡುತ್ತಿದ್ದರು. "ಕಂಡಷ್ಟ ಬರಿ, ತಂಗಿ. ಕಾಣದ್ದಕ್ಕ ಕಾಗದ ಖಾಲಿ ಬಿಡು."

ಆ ಹೆಂಗಸರಲ್ಲಿ ಒಬ್ಬಾಕೆಗೆ ನಲವತ್ತು ದಾಟಿತ್ತು. ಹಸಿರು ಬಂಡೆಗಳ ಜಾಡು ಆಕೆಗೆ ಗೊತ್ತಿದ್ದಷ್ಟು ಕಾಕಾಗೂ ಗೊತ್ತಿರಲಿಲ್ಲ. ಮೂರನೆಯ ದಿನ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದಾಗ ಆಕೆ ತೆಲುಗಿನಲ್ಲಿ ಹೇಳಿದಳು: ನಾನು ಸಣ್ಣವಳಿದ್ದಾಗ ಹೀಗೇ ಒಬ್ಬ ಸಾಹೇಬ ಬಂದಿದ್ದ. ನಮ್ಮಪ್ಪ ಅವನ ಚೀಲ ಹೊರುತ್ತಿದ್ದ. ಆಮೇಲೆ ಅಪ್ಪ ಗಣಿಗೆ ಸೇರಿದ, ದಮ್ಮು ಹತ್ತಿ ಸತ್ತ.

ಕಾಕಾ ಕೈಯಲ್ಲಿದ್ದ ರೊಟ್ಟಿಯನ್ನು ಬಟ್ಟೆಯ ಮೇಲೆ ಇಟ್ಟರು.

"ಆ ಸಾಹೇಬು ನೇನೇನಮ್ಮಾ," ಅಂದರು. ನಾನೇ ಅವನು ಎಂದು.

ಪೋಸ್ಟ್‌ಮ್ಯಾನ್ ಎದ್ದು ಸುಮ್ಮನೆ ಸೈಕಲ್ ಕಡೆ ಹೋದ. ಆಕೆ ಕಾಕಾ ಮುಖವನ್ನು ಬಹಳ ಹೊತ್ತು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಕಾಕಾಗೂ ಹಗುರಾಗುತ್ತಿತ್ತೇನೋ.

"ಅಪ್ಪುಡು ಕೊಂಡಲೇ ಗೀಶಾರು ಸಾರೂ," ಅಂದಳು ಕೊನೆಗೆ. "ಈಸಾರಿ ಇಳ್ಳು ಕೂಡಾ ಗೀಯಂಡಿ." ಆಗ ಬರೀ ಗುಡ್ಡ ಬರೆದಿರಿ, ಈ ಸಲ ಮನೆಗಳನ್ನೂ ಬರೆಯಿರಿ.

ಮರುದಿನದಿಂದ ಮನೆ ಮನೆಯನ್ನೂ ಬರೆದೆವು. ಬಾವಿ, ಶಾಲೆಯ ಅಂಗಳ, ದನದ ಕೊಟ್ಟಿಗೆ ಎಲ್ಲ.

ಹೈದರಾಬಾದಿಗೆ ಬಂದು ಎರಡು ಪ್ರತಿ ಮಾಡಿದೆ. ಬಟ್ಟೆಗೆ ಅಂಟಿಸಿದ್ದು ಊರಿನ ಶಾಲೆಗೆ ಹೋಯಿತು. ಇನ್ನೊಂದನ್ನು ಸುರುಳಿ ಸುತ್ತಿಕೊಂಡು ಕಾಕಾ, ಸರ್ಕಾರ ಆ ಬಂಡೆಗಳನ್ನು ಮುಚ್ಚಿಸಲಿ ಎಂದು ತಮ್ಮ ಹಳೆಯ ಕಚೇರಿಗೆ ಅಲೆದರು. ಸಿಕಂದರಾಬಾದಿನಲ್ಲಿ ಬಸ್ಸು ಬದಲಿಸಬೇಕು, ಹೆಚ್ಚಾಗಿ ನಿಂತೇ ಪ್ರಯಾಣ. ಗುಮಾಸ್ತ ಒಳ್ಳೆಯವನೇ, ಕುರ್ಚಿ ಹಾಕಿ ಕೂರಿಸಿ "ಸಾಬ್, ಅಗಲೇ ಹಫ್ತೆ ಆವೋ" ಅನ್ನುತ್ತಿದ್ದ. ಆ ಮುಂದಿನ ವಾರ ಎರಡು ವರ್ಷ ಬರುತ್ತಲೇ ಇತ್ತು. ಕಡೆಕಡೆಗೆ ಕಾಕಾಗೆ ನಮ್ಮ ಕಟ್ಟೆಯ ಮೇಲೆ ಕೂತು ಚಪ್ಪಲಿ ಬಿಚ್ಚುವುದಕ್ಕೇ ಬಹಳ ಹೊತ್ತು ಹಿಡಿಯುತ್ತಿತ್ತು. "ಭಾಳ ದಣಿವಾತವಾ," ಎಂದಷ್ಟೇ ಅನ್ನುತ್ತಿದ್ದರು. ಒಮ್ಮೆ ಮಾತ್ರ ಮಾಸ್ತರರ ಕಾರ್ಡು ಬಂತು. ಊರವರೇ ಸೇರಿ ಶಾಲೆಯ ಅಂಗಳದ ಬಂಡೆಯ ಮೇಲೆ ಕೆಮ್ಮಣ್ಣು ಹೊಡೆಸಿ ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಿದ್ದರು, ಗೋಡೆಗೆ ಆ ಕಲ್ಲು ಮೆತ್ತುವುದನ್ನು ಬಿಟ್ಟಿದ್ದರು. ಕಾಕಾ ಆ ಕಾರ್ಡನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು.

ಆ ಚಳಿಗಾಲದಲ್ಲೇ ಬೆಳಗಿನ ಚಹಾ ಕುಡಿದು ಒರಗಿದವರು ಮತ್ತೆ ಏಳಲಿಲ್ಲ. ಕಚೇರಿಯಿಂದ ಯಾರೂ ಬರಲಿಲ್ಲ. ಅವರಿಗೆ ಸುದ್ದಿ ಮುಟ್ಟಿತ್ತೋ ಇಲ್ಲವೋ. ನಾನು ಮಾಸ್ತರರಿಗೆ ಬರೆದ ಕಾರ್ಡು ಮುಟ್ಟಿ, ಹನ್ನೊಂದನೆಯ ದಿನ ಆ ಚೀಲ ಹೊತ್ತವನ ಮಗಳು ಬಂದಳು, ಕಡಪದಿಂದ ಬಸ್ಸಿನಲ್ಲಿ, ಒಬ್ಬಳೇ. ಕಾಕಾ ಫೋಟೋಗೆ ಕೈ ಮುಗಿದು, ಸೆರಗಿನಲ್ಲಿ ಕಣ್ಣು ಒತ್ತಿಕೊಂಡು, ನನ್ನ ಪಕ್ಕ ನೆಲದ ಮೇಲೆ ಕೂತಳು.

ಊರಿನ ಪೂರ್ವಕ್ಕೆ ಹೊಸ ಬಾವಿ ತೋಡಿದ್ದಾರಂತೆ. ಎರಡಾಳು ಆಳದಲ್ಲಿ ಹಸಿರು ಕಲ್ಲು, ಅದರಲ್ಲಿ ಎಳೆ. "ಸಾರು ಲೇರು ಕದಾ," ಅಂದಳು. "ಇಂಕ ಎವರಿಕಿ ಚೆಪ್ಪಾಲಿ?" ಸಾಹೇಬರಿಲ್ಲ, ಇನ್ನು ಯಾರಿಗೆ ಹೇಳಲಿ?

ನನಗೂ ದಣಿವಾಗಿತ್ತು. ಆ ನಕ್ಷೆಯ ಸಹವಾಸ ಸಾಕು ಎಂದು ಒಳಗೊಳಗೇ ಅನಿಸಿಯೂ ಇತ್ತು. ಆದರೂ ಒಳಗೆ ಹೋಗಿ ಸುರುಳಿ ತಂದು ಬಿಚ್ಚಿದೆ. ಆಕೆ ಪೂರ್ವದ ಕಡೆ ಬೆರಳಿಟ್ಟಳು. ಪೆನ್ಸಿಲ್ ಎತ್ತಿಕೊಂಡ ನಾನು ಅಲ್ಲೇ ನಿಲ್ಲಿಸಿದೆ. ನಾನು ಆ ಬಾವಿಯನ್ನು ಕಂಡಿರಲಿಲ್ಲ.

"ಶನಿವಾರ ಬರ್ತೀನಿ," ಅಂದೆ.