ಸೌಂಡಿನವರ ಕಿವಿ

ನನ್ನ ಗಂಡನಿಗೆ ಯೂನಿವರ್ಸಿಟಿಯಲ್ಲಿ ಇಟ್ಟ ಹೆಸರು 'ಆಯ್ತು ಸಾರ್'. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಲೈಬ್ರರಿಯ ಕೌಂಟರಿನಲ್ಲಿ ಕೂತು ಪುಸ್ತಕಕ್ಕೆ ಸೀಲು ಒತ್ತುವವಳಿಗೆ ಗೊತ್ತಾಗದ ಸುದ್ದಿ ಆ ಆವರಣದಲ್ಲಿ ಯಾವುದಿದೆ? ಯಾರು ಏನು ಕೇಳಿದರೂ ಇವರದು ಒಂದೇ ಉತ್ತರ. ಮೈಕು ಎತ್ತರಿಸಿ, ಆಯ್ತು ಸಾರ್. ಸ್ಪೀಕರು ಈ ಕಡೆ ತಿರುಗಿಸಿ, ಆಯ್ತು ಸಾರ್. ಎಲ್ಲರೂ ಇದನ್ನು ಒಳ್ಳೆಯತನ ಎಂದುಕೊಂಡಿದ್ದರು. ಮೊದಲ ಇಪ್ಪತ್ತೆರಡು ವರ್ಷ ಅದು ಒಳ್ಳೆಯತನವೇ ಆಗಿತ್ತು. ಆಮೇಲಿನ ನಾಲ್ಕು ವರ್ಷ ಏನಾಗಿತ್ತು ಎನ್ನುವುದು ನನಗೊಬ್ಬಳಿಗೆ ಗೊತ್ತಿತ್ತು.

ಇವರು ಅಲ್ಲಿನ ಸಭಾಂಗಣಕ್ಕೆ ಬಂದದ್ದು ಸೌಂಡಿನವರಾಗಿ ಅಲ್ಲ, ಫ್ಯಾನು ರಿಪೇರಿಗೆ. ಏಣಿಯ ಮೇಲೆ ನಿಂತು ಸ್ಕ್ರೂ ಬಿಗಿಯುತ್ತಿದ್ದವರು, ಕೆಳಗೆ ನಡೆಯುತ್ತಿದ್ದ ರಿಹರ್ಸಲ್ ಕೇಳಿ, "ಎಡಗಡೆ ಸ್ಪೀಕರು ಹರಿದಿದೆ ಸಾರ್" ಎಂದರಂತೆ. ಬಿಚ್ಚಿ ನೋಡಿದರೆ ಒಳಗಿನ ಕಾಗದದಲ್ಲಿ ಕೂದಲೆಳೆಯಷ್ಟು ಸೀಳು. ಆ ವಾರವೇ ಏಣಿಯಿಂದ ಇಳಿಸಿ ಮಿಕ್ಸರ್ ಹಿಂದೆ ಕೂರಿಸಿದರು. ಮಿಕ್ಸರ್ ಎಂದರೆ ಸಭಾಂಗಣದ ಹಿಂತುದಿಯಲ್ಲಿರುವ, ಸಾಲುಸಾಲು ಗುಂಡಿಗಳ ಮೇಜು. ವೇದಿಕೆಯ ಮೇಲಿನ ಸದ್ದೆಲ್ಲ ಅದನ್ನು ಹಾದೇ ಜನರ ಕಿವಿಗೆ ಹೋಗಬೇಕು. ನಾನು ಮೊದಲ ಸಲ ಕೇಳಿದಾಗ ಅಡುಗೆಮನೆಯ ಮಿಕ್ಸಿ ಎಂದುಕೊಂಡು, "ದಿನಾ ಅಲ್ಲಿ ಏನು ರುಬ್ತೀರ?" ಎಂದಿದ್ದೆ. ಮದುವೆಯಾದ ಹೊಸತು, ನಗುವುದಕ್ಕೆ ಇವರಿಗೆ ಅಷ್ಟು ಸಾಕಾಗಿತ್ತು.

ಆ ಕಿವಿಯ ಮೇಲೆ ನನಗೆ ಹೊಟ್ಟೆಕಿಚ್ಚೂ ಇತ್ತು. ಬೀದಿಯ ತುದಿಯಲ್ಲಿ ಬಸ್ಸು ತಿರುಗಿದರೆ ಇವತ್ತು ಯಾವ ಡ್ರೈವರು ಎಂದು ಹೇಳುತ್ತಿದ್ದರು. ಫೋನಿನಲ್ಲಿ ನಮ್ಮಕ್ಕ "ಚೆನ್ನಾಗಿದೀನಿ" ಎಂದರೆ, ಫೋನು ನನ್ನ ಕೈಗೆ ಕೊಡುತ್ತಾ "ಅಕ್ಕ ಅತ್ತಿದಾರೆ, ವಿಚಾರಿಸು" ಎನ್ನುತ್ತಿದ್ದರು. ಇಂಥವರ ಹತ್ತಿರ ಸುಳ್ಳು ಹೇಳಿಕೊಂಡು ಸಂಸಾರ ಮಾಡುವುದು ಸುಲಭವಲ್ಲ. ನಾನಂತೂ ಮೊದಲ ವರ್ಷವೇ ಕೈಬಿಟ್ಟೆ.

ಆ ಕಿವಿ ಹೋಗತೊಡಗಿದ್ದನ್ನು ನಾನು ತಮಾಷೆ ಎಂದುಕೊಂಡೆ. ಒಂದು ಬೆಳಗ್ಗೆ ಟೀ ಮುಂದಿಟ್ಟು "ಸಕ್ಕರೆ ಬೇಕೇನ್ರಿ?" ಎಂದೆ. ಪೇಪರಿನಿಂದ ತಲೆಯೆತ್ತದೆ, "ಈ ವಯಸ್ಸಲ್ಲಿ ಎಂಥ ಅಕ್ಕರೆನೇ?" ಎಂದರು. ಸತ್ಯ ಹೇಳಬೇಕೆಂದರೆ ನಾಚಿಕೊಂಡೆ. ವಾರವೆಲ್ಲ ಲೈಬ್ರರಿಯಲ್ಲಿ ನೆನೆಸಿಕೊಂಡು ಒಬ್ಬಳೇ ನಕ್ಕೆ. ಇವರು ತಮಾಷೆ ಮಾಡಿರಲಿಲ್ಲ. ಇವರ ಕಿವಿಯಿಂದ 'ಸ' ಅಕ್ಷರ ಉದುರಿಹೋಗಿತ್ತು.

ಅದು ಖಾತ್ರಿಯಾದದ್ದು ವಿದ್ಯಾರ್ಥಿಗಳ ನಾಟಕದ ದಿನ. ಮೈಕು ಜೋರಾಯಿತೆಂದು ವೇದಿಕೆಯಿಂದ ಹುಡುಗಿಯೊಬ್ಬಳು "ಸಾಕು, ಸಾಕು" ಎಂದಳು. ಇವರಿಗೆ ಅದು "ಹಾಕು, ಹಾಕು" ಎಂದು ಕೇಳಿಸಿತು. ಹಾಕಿದರು. ಮೈಕು ಕೀ ಎಂದು ಕೂಗತೊಡಗಿತು, ಆರುನೂರು ಜನ ಕಿವಿ ಮುಚ್ಚಿಕೊಂಡರು. ಇವರು ಮಾತ್ರ ಜನ ಯಾಕೆ ಹೀಗೆ ಮಾಡುತ್ತಿದ್ದಾರೆಂದು ಅತ್ತಿತ್ತ ನೋಡುತ್ತಿದ್ದರು. ಆ ಕೂಗು ಇವರಿಗೆ ಕೇಳುತ್ತಲೇ ಇರಲಿಲ್ಲ.

ಗೊತ್ತಿದ್ದವರ ಕಣ್ಣಿಗೆ ಬೀಳಬಾರದೆಂದು ಬೇರೆ ಊರಿನ ಡಾಕ್ಟರ ಹತ್ತಿರ ಹೋದೆವು. ತೆಳುವಾದ ಸದ್ದನ್ನು ಹಿಡಿಯುವ ನರ ಸತ್ತಿದೆ, ಉಳಿದದ್ದೂ ನಿಧಾನಕ್ಕೆ ಹೋಗುತ್ತದೆ ಎಂದರು. ಹೆಂಗಸರ, ಮಕ್ಕಳ ಮಾತು ಮೊದಲು ಹೋಗುತ್ತದಂತೆ. ಕಿವಿಗೆ ಮೆಷಿನ್ ಹಾಕಿಕೊಂಡರೆ ಮಾತಿಗೆ ಅಷ್ಟಿಷ್ಟು ಅನುಕೂಲ, ಸಂಗೀತಕ್ಕೆ ಅಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಇವರು ಆಡಿದ್ದು ಒಂದೇ ಮಾತು: "ಸೌಂಡಿನವನ ಕಿವೀಲಿ ಮೆಷಿನ್ ಕಂಡ್ರೆ ಮಾರನೇ ದಿನ ನನ್ನ ಕುರ್ಚೀಲಿ ಬೇರೆಯವನು ಕೂತಿರ್ತಾನೆ." ಮೆಷಿನ್ ಡಬ್ಬಿಯ ಸಮೇತ ಬೀರು ಸೇರಿತು.

ಅವತ್ತಿನಿಂದ ಕೇಳುವ ಕೆಲಸ ನನ್ನದಾಯಿತು. ಮಿಕ್ಸರ್ ಮುಂದಿನ ಸಾಲಿನಲ್ಲಿ ನನ್ನ ಸೀಟು. ಬಲಗೈ ಸೀಟಿನ ಬೆನ್ನ ಹಿಂದೆ, ಮಿಕ್ಸರಿನ ಪುಟ್ಟ ದೀಪದ ಬೆಳಕು ಬೀಳುವಲ್ಲಿ. ಒಂದು ಬೆರಳು ಎಂದರೆ ಗುಡುಗುಡು ಸದ್ದು, ಎರಡು ಎಂದರೆ ಡಬ್ಬಿಯೊಳಗಿಂದ ಮಾತಾಡಿದ ಹಾಗೆ, ಮೂರು ಎಂದರೆ ಆ ತೆಳು ಕೂಗು. ಭಾನುವಾರಗಳಲ್ಲಿ ಫೋನಿನಲ್ಲಿ ಸದ್ದು ಹಾಕಿ, ಪರೀಕ್ಷೆಗೆ ಓದುವ ಮಕ್ಕಳಂತೆ ಅಭ್ಯಾಸ ಮಾಡಿದೆವು. ಮಿಕ್ಕ ಮಾತಿಗೆಲ್ಲ ಇವರು 'ಆಯ್ತು' ಹಿಡಿದುಕೊಂಡರು. ಕೇಳದೇ ಹೋದದ್ದಕ್ಕೆ ಆಯ್ತು ಎಂದುಬಿಟ್ಟರೆ ಯಾರೂ ಎರಡನೇ ಸಲ ಕೇಳುವುದಿಲ್ಲ. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ನಮ್ಮನೆಯಲ್ಲಿ ಗೋಡೆಗೇ ಹೆಚ್ಚು ಕೇಳಿಸುತ್ತಿತ್ತು. ನಾನು ಕಿರುಚಿ ಕಿರುಚಿ ಗಂಟಲು ಕೆಡಿಸಿಕೊಂಡೆ. ಲೈಬ್ರರಿಯಲ್ಲಿ ಮಾತ್ರ, "ಸಂಗೀತದ ಗಂಧಗಾಳಿ ಇಲ್ಲ, ಆದ್ರೂ ಒಂದು ಪ್ರೋಗ್ರಾಮೂ ಬಿಡಲ್ಲ, ಯಜಮಾನರ ಮೇಲೆ ಅಷ್ಟು ಪ್ರೀತಿನಾ ಮೇಡಂ?" ಎಂದು ಚುಡಾಯಿಸುತ್ತಿದ್ದರು. ನಗುತ್ತಿದ್ದೆ, ಇನ್ನೇನು ಮಾಡಲಿ.

ಈ ವರ್ಷ ನಾನು ಜ್ವರ ಬಂದು ಮಲಗಿದ್ದಾಗ ಎರಡು ಸಲ ಮೈಕು ಕೂಗಿತು. ಸಭಾಂಗಣದ ಮ್ಯಾನೇಜರು ಇವರನ್ನು ಕರೆದು ಕೂರಿಸಿಕೊಂಡು ಹೇಳಿದರಂತೆ: "ಜಾಝ್ ಕಾರ್ಯಕ್ರಮಕ್ಕೆ ಕುಲಪತಿಗಳು ಬರ್ತಾರೆ. ಇನ್ನೊಂದು ಸಲ ಕೂಗಿದ್ರೆ ನಿಮ್ಮನ್ನ ಸ್ಟೋರಿಗೆ ಹಾಕ್ಬೇಕಾಗತ್ತೆ. ಬೇಜಾರು ಮಾಡ್ಕೋಬೇಡಿ." ಸ್ಟೋರು ಎಂದರೆ ನೆಲಮಾಳಿಗೆ. ಮುರಿದ ಕುರ್ಚಿ, ಸುಟ್ಟ ಬಲ್ಬು, ಒಂದು ರಿಜಿಸ್ಟರು. ಅವತ್ತು ಮನೆಗೆ ಬಂದವರು ಶೂ ಕೂಡ ಬಿಚ್ಚದೆ ಮಂಚದ ಮೇಲೆ ಕೂತರು. "ಆ ಮೇಜು ಬಿಟ್ರೆ ನಾನು ಯಾರೇ?" ಎಂದು ನನ್ನನ್ನೇ ಕೇಳಿದರು. ನನ್ನ ಗಂಡ ಅಲ್ವಾ ಎಂದೆ. ಅದು ಸಾಲದು ಎಂದು ನನಗೂ ಗೊತ್ತಿತ್ತು.

ಜಾಝ್ ತಂಡ ಯೂನಿವರ್ಸಿಟಿಯದೇ. ಹದಿನೇಳು ವಿದ್ಯಾರ್ಥಿಗಳು, ಅವರನ್ನು ನಡೆಸುವ ಬ್ಯಾಂಡಿನ ಮೇಷ್ಟ್ರು. ಈ ಸಲ ಅವರ ಜೊತೆ ನುಡಿಸಲು ಹೊರಗಿನಿಂದ ಗಿಟಾರಿನ ಕಲಾವಿದೆಯೊಬ್ಬರನ್ನು ಕರೆಸಿದ್ದರು. ಐವತ್ತರ ಆಸುಪಾಸಿನ ಹೆಂಗಸು, ಸಣ್ಣ ದನಿ. ಅವರ ಸ್ವಂತ ಆಂಪ್ಲಿಫೈಯರು ವಿಮಾನದಲ್ಲಿ ಬಾರದೆ ಹಿಂದೆಯೇ ಉಳಿದುಬಿಟ್ಟಿತ್ತು. ಹಾಗಾಗಿ ಗಿಟಾರಿನ ವೈರು ನೇರ ಇವರ ಮಿಕ್ಸರಿಗೇ ಬಂದಿತ್ತು. ಕಲಾವಿದೆಯ ಕಾಲ ಬಳಿಯಿಟ್ಟ ಸ್ಪೀಕರೂ ಇವರ ಕೈಯಲ್ಲೇ ಇತ್ತು. ಮಧ್ಯಾಹ್ನದ ರಿಹರ್ಸಲಿಗೆ ನಾನಿರಲಿಲ್ಲ. ಐದಕ್ಕೆ ಲೈಬ್ರರಿ ಮುಚ್ಚಿಕೊಂಡು ಓಡಿಬಂದೆ.

"ಆಯಮ್ಮ ಏನಾದ್ರೂ ಹೇಳಿದ್ರಾ?" ಎಂದು ಎದುರಿಗೆ ನಿಂತು ಕೇಳಿದೆ.

ಇವರು ವೈರು ನೋಡತೊಡಗಿದರು. ಭುಜ ಹಿಡಿದು ತಿರುಗಿಸಿದೆ.

"ಏನೋ ಅಂದ್ರು. ಡ್ರಮ್ಮಿನವನು ಬಡೀತಾ ಇದ್ದ. ಎರಡು ಸಲ ಕೇಳ್ದೆ, ಎರಡು ಸಲಾನೂ ಹೇಳಿದ್ರು. ಆಮೇಲೆ ಆಯ್ತಮ್ಮ ಅಂದೆ."

"ಏನು ಅಂತ ಗೊತ್ತಿಲ್ದೇನೇ?"

"ಕೊನೇ ಹಾಡಿನ ವಿಷಯ. ಗಿಟಾರು ಜೋರು ಮಾಡ್ಬೇಡಿ ಅಂತಿರ್ಬೇಕು."

"ಇರ್ಬೇಕು ಅಂದ್ರೆ? ಹೋಗಿ ಸರಿಯಾಗಿ ಕೇಳ್ಕೊಂಡು ಬನ್ನಿ. ಇಲ್ಲಾಂದ್ರೆ ನಾನು ಹೋಗ್ತೀನಿ."

"ಹೋಗಿ ಏನಂತೀಯ? ನನ್ನ ಗಂಡ ಕಿವುಡ, ನೀವೇನಂದ್ರಿ ಹೇಳಿ ಅಂತೀಯಾ?" ಇವರು ನನ್ನ ಮೇಲೆ ದನಿ ಎತ್ತಿದ್ದು ಕಮ್ಮಿ. ಅವತ್ತು ಎತ್ತಿದರು. ಆಮೇಲೆ ತಗ್ಗಿಸಿ, "ಇವತ್ತೊಂದು ದಿನ ದಾಟಿಸ್ಬಿಡು ಕಣೇ" ಎಂದರು.

ಕಲಾವಿದೆಯ ಕೋಣೆ ವೇದಿಕೆಯ ಪಕ್ಕದಲ್ಲೇ ಇತ್ತು. ಬಾಗಿಲು ಅರ್ಧ ತೆರೆದಿತ್ತು, ಒಳಗೆ ಬೆಳಕಿತ್ತು. ನಾನು ಹೋಗಲಿಲ್ಲ. ಹೋಗಿದ್ದರೆ ಎಂದು ಈಗ ಲೆಕ್ಕ ಹಾಕಿ ಏನು ಪ್ರಯೋಜನ, ಆದರೂ ದಿನಾ ಹಾಕುತ್ತೇನೆ.

ಆರಕ್ಕೆ ಶುರುವಾಯಿತು. ಜಾಝ್ ಎಂದರೆ ನನಗೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಆಮೇಲೆ ಒಬ್ಬೊಬ್ಬರೇ ಎದ್ದು ನಿಂತು ಮನಸ್ಸಿಗೆ ಬಂದದ್ದು ನುಡಿಸುತ್ತಾರೆ, ಮಿಕ್ಕವರು ತಲೆದೂಗುತ್ತಾರೆ. ಆದರೂ ಆ ಸಂಜೆ ನನ್ನ ಕಾಲು ಒಂದೆರಡು ಸಲ ತಾನಾಗಿಯೇ ತಾಳ ಹಾಕಿತು. ಬೈದು ನಿಲ್ಲಿಸಿದೆ. ನಾನು ಕೇಳಲು ಬಂದವಳಲ್ಲ, ಕಾವಲಿಗೆ ಬಂದವಳು. ಸ್ಯಾಕ್ಸೊಫೋನಿನ ಹುಡುಗಿ ಮುಂದೆ ಬಂದಾಗ ಒಂದು ಸಲ ಎರಡು ಬೆರಳು ತೋರಿಸಿದೆ, ಇವರು ಸರಿಮಾಡಿದರು. ಒಂದೂವರೆ ಗಂಟೆ ಕಳೆಯಿತು, ಮೈಕು ಒಮ್ಮೆಯೂ ಕೂಗಲಿಲ್ಲ. ವೇದಿಕೆಯೆದುರಿನ ಮೊದಲ ಸಾಲಿನಲ್ಲಿ ಕುಲಪತಿಗಳು ಕಾಲ ಮೇಲೆ ಕಾಲು ಹಾಕಿಕೊಂಡು ಆರಾಮವಾಗಿ ಕೂತಿದ್ದರು.

ಕೊನೆಯ ಹಾಡು ನಿಧಾನದ್ದು. ಬ್ಯಾಂಡಿನವರು ಒಬ್ಬೊಬ್ಬರಾಗಿ ನಿಲ್ಲಿಸುತ್ತಾ ಬಂದರು, ಕೊನೆಗೆ ಗಿಟಾರೊಂದೇ ಉಳಿಯಿತು. ಕಲಾವಿದೆ ಒಂದು ತಂತಿ ಮೀಟಿ, ಕಾಲ ಬಳಿಯ ಸ್ಪೀಕರಿನತ್ತ ಬಗ್ಗಿದರು. ಮೀಟಿದ ಸ್ವರ ಆರಲಿಲ್ಲ. ಕೈ ತೆಗೆದರೂ ಉಳಿಯಿತು, ದೊಡ್ಡದಾಗತೊಡಗಿತು. ನೋಡುನೋಡುತ್ತಿದ್ದ ಹಾಗೆ ತೆಳ್ಳಗಾಗಿ ಮೇಲಕ್ಕೇರಿತು. ನಾಲ್ಕು ವರ್ಷ ನಾನು ಕಾವಲು ಕಾದದ್ದು ಇದೇ ಕೂಗಿಗೆ. ಮೂರು ಬೆರಳು ಎತ್ತಿದೆ. ಸಾಲದು ಅನ್ನಿಸಿ ಕೈಯನ್ನೇ ಎತ್ತಿ ಆಡಿಸಿದೆ.

ಇವರು ಗಿಟಾರಿನ ಗುಂಡಿಯನ್ನು ಪೂರ್ತಿ ಕೆಳಗೆಳೆದರು.

ಸಭಾಂಗಣ ಸ್ತಬ್ಧವಾಯಿತು. ವೇದಿಕೆಯ ಮೇಲೆ ಆಕೆ ಬಗ್ಗಿದವರು ಬಗ್ಗಿದಂತೆಯೇ ನಿಂತಿದ್ದರು. ತಂತಿ ಮತ್ತೆ ಮೀಟಿದರು, ಸದ್ದಿಲ್ಲ. ಇನ್ನೊಮ್ಮೆ ಮೀಟಿದರು. ತುತ್ತೂರಿಯವರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಕೈ ಬೀಸಿ ಬ್ಯಾಂಡನ್ನು ಶುರು ಮಾಡಿಸಿ ಹೇಗೋ ಮುಗಿಸಿದರು. ಜನ ಚಪ್ಪಾಳೆ ತಟ್ಟಿದರು. ಆಕೆ ತಲೆ ಬಗ್ಗಿಸಿ ನಮಸ್ಕರಿಸುವಾಗ ದಾರಿ ತಪ್ಪಿದವರ ಹಾಗೆ ಕಂಡರು. ಆಗಲೂ ನನಗೆ ಅರ್ಥವಾಗಲಿಲ್ಲ. ಉಳಿದೆವು ಎಂದೇ ಅಂದುಕೊಂಡೆ.

ಮೊದಲು ಬಂದವರು ಮ್ಯಾನೇಜರು. ಇವರ ಎದುರಿಗೇ ನಿಂತು, ಹೆಗಲು ತಟ್ಟಿ, ದೊಡ್ಡ ದನಿಯಲ್ಲಿ, "ಕೊನೇಲಿ ಕೂಗೋಕೆ ಹೋಯ್ತು, ತಕ್ಷಣ ಹಿಡಿದ್ರಲ್ಲ, ಭೇಷ್! ಇನ್ನು ಸ್ಟೋರಿನ ಮಾತೇ ಬೇಡ" ಎಂದರು. ಇದು ಇವರಿಗೆ ಪೂರ್ತಿ ತಿಳಿಯಿತು. ಆ ಮುಖ ಅಷ್ಟು ಅರಳಿದ್ದನ್ನು ನಾನು ವರ್ಷಗಳಿಂದ ಕಂಡಿರಲಿಲ್ಲ. ನನ್ನತ್ತ ನೋಡಿ ಕಣ್ಣಲ್ಲೇ ನಕ್ಕು, ನಮಗೆ ಬೆನ್ನು ಹಾಕಿ ವೈರು ಸುತ್ತಲು ಶುರು ಮಾಡಿದರು. ಗುನುಗುತ್ತಲೂ ಇದ್ದರು.

ಅಷ್ಟರಲ್ಲಿ ಮೇಷ್ಟ್ರು ಕಲಾವಿದೆಯನ್ನು ಕರೆದುಕೊಂಡು ಬಂದರು.

"ಅಣ್ಣ," ಎಂದರು ಆಕೆ ಇವರ ಬೆನ್ನಿಗೆ. "ಆ ಕೂಗೇ ಹಾಡಿನ ಕೊನೆ. ನನ್ನ ಆಂಪ್ಲಿಫೈಯರು ಬಂದಿಲ್ಲ, ಆ ಸ್ವರ ನಿಮ್ಮ ಕೈಲಿದೆ, ಏನೇ ಆದ್ರೂ ತೆಗೀಬೇಡಿ ಅಂತ ಎರಡು ಸಲ ಹೇಳಿದ್ನಲ್ಲ. ಆಯ್ತಮ್ಮ ಅಂದ್ರಲ್ಲ ನೀವು."

ಇವರು ವೈರು ಸುತ್ತುತ್ತಿದ್ದರು.

ಮ್ಯಾನೇಜರು ಪೆಚ್ಚಾಗಿ, "ಮರೆತಿರ್ಬೇಕು ಬಿಡಿ ಮೇಡಂ, ಅವರಿಗೂ ವಯಸ್ಸಾಯ್ತು" ಎಂದರು.

"ಮರೆವಲ್ಲ ಸಾರ್ ಇದು," ಎಂದರು ಮೇಷ್ಟ್ರು. "ಅತಿಥಿ ಮಾತಾಡಿಸ್ತಿದಾರೆ, ತಿರುಗಿ ಸಹ ನೋಡ್ತಿಲ್ಲ. ಬೇಕಂತಲೇ ಮಾಡಿರೋದು. ಕೊಬ್ಬು."

ಆಕೆ ಮೇಷ್ಟ್ರನ್ನು ತಡೆದರು. ಕಣ್ಣು ತುಂಬಿತ್ತು. "ನಾನು ನುಡಿಸಿದ್ದು ಅಷ್ಟು ಕೆಟ್ಟದಾಗಿತ್ತಾ ಅಣ್ಣ?" ಎಂದು ಇನ್ನೂ ಸಣ್ಣ ದನಿಯಲ್ಲಿ ಕೇಳಿದರು. ಬೆನ್ನು ತಿರುಗಲಿಲ್ಲ, ಗುನುಗು ನಿಲ್ಲಲಿಲ್ಲ.

ಹೌದು, ಮರೆತರು ಎಂದು ನಾನು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು, ನಾಲ್ಕು ವರ್ಷದ ಅಭ್ಯಾಸ. ಆದರೆ ಕೊಬ್ಬು ಎಂಬ ಮಾತು ನನಗೆ ತಡೆಯಲಾಗಲಿಲ್ಲ. ಆಡಿದ್ದು ಧರ್ಮಕ್ಕಾಗಿ ಎಂದು ನಾನು ಹೇಳಿಕೊಳ್ಳುವುದಿಲ್ಲ. ಸಿಟ್ಟಿತ್ತು. ಸಿಟ್ಟಿಗಿಂತ ಹೆಚ್ಚಾಗಿ, ಸಾಕಾಗಿಹೋಗಿತ್ತು.

"ಬೇಕಂತ ಅಲ್ಲ," ಎಂದೆ. "ಇವರಿಗೆ ಕಿವಿ ಕೇಳಲ್ಲ. ನಾಲ್ಕು ವರ್ಷದಿಂದ ಕೇಳಲ್ಲ. ಆ ಸ್ವರ ಇವರಿಗೆ ಕೇಳಿಸ್ಲೇ ಇಲ್ಲ. ಕೂಗ್ತಿದೆ, ತೆಗೀರಿ ಅಂತ ಕೈ ಮಾಡಿದ್ದು ನಾನು."

ಮನೆಯಲ್ಲಿ ಕಿರುಚಿ ಅಭ್ಯಾಸವಾದ ದನಿ, ಇಡೀ ಸಭಾಂಗಣಕ್ಕೆ ಕೇಳಿಸಿತು. ವೇದಿಕೆಯ ಮೇಲೆ ಸ್ಟ್ಯಾಂಡು ಮಡಚುತ್ತಿದ್ದ ವಿದ್ಯಾರ್ಥಿಗಳು ನಿಂತರು. ಮ್ಯಾನೇಜರು ಇವರ ಬೆನ್ನನ್ನೂ ನನ್ನನ್ನೂ ನೋಡಿದರು. ಕಲಾವಿದೆ ಬಾಯಿಯ ಮೇಲೆ ಕೈ ಇಟ್ಟುಕೊಂಡರು.

ಇವರು ವೈರಿನ ತುದಿಗೆ ಗಂಟು ಹಾಕಿ, ಅದನ್ನು ನನ್ನ ಕೈಗೆ ಕೊಡಲು ತಿರುಗಿದರು. ಎಲ್ಲರ ಮುಖ ಒಂದೊಂದಾಗಿ ನೋಡಿದರು. ಮುಖದ ಮೇಲಿನ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಏನಂದೆ?" ಎಂದು ನನ್ನನ್ನು ಕೇಳಿದರು.

ತುಟಿ ಕಾಣುವಂತೆ ಬೆಳಕಿಗೆ ಬಂದು ನಿಂತು, ಅಷ್ಟನ್ನೂ ಇನ್ನೊಂದು ಸಲ ಹೇಳಿದೆ.