ನಾನು ಓದದೆ ಬಿಟ್ಟ ಹೆಸರು

ಆಗೆಲ್ಲ ನಮ್ಮ ಮನೆಯಲ್ಲಿ ಭಾನುವಾರಕ್ಕಿಂತ ಶನಿವಾರವೇ ದೊಡ್ಡ ದಿನ. ಭಾನುವಾರ ಮಂಡ್ಯದ ನಮ್ಮ ಚರ್ಚಿನಲ್ಲಿ ಎರಡು ಗಂಟೆ ಕೂತು, ಹಾಡಿ, ಆಮೆನ್ ಅಂದು ಬಂದರೆ ಮುಗಿಯಿತು. ಶನಿವಾರ ಹಾಗಲ್ಲ. ಈಸ್ಟರಿಗೆ ಮುಂಚಿನ ನಲವತ್ತು ದಿನಗಳಲ್ಲಿ ಪ್ರತಿ ಶನಿವಾರ ಬೆಳಕು ಹರಿಯುವಷ್ಟರಲ್ಲಿ ಚರ್ಚಿನ ಹಿಂದಿನ ಬೇವಿನ ಮರದ ಕೆಳಗೆ ಮೂರು ಕಲ್ಲು ಹೂಡಿ, ದೊಡ್ಡ ಪಾತ್ರೆಯಲ್ಲಿ ನುಚ್ಚಕ್ಕಿ ಗಂಜಿಗೆ ಇಡುತ್ತಿದ್ದರು. ಬೆಳ್ಳುಳ್ಳಿ, ಮೆಂತ್ಯ, ಜೀರಿಗೆ ಬಿದ್ದ ಗಂಜಿಯ ಹಬೆಗೆ ಆಲೆಮನೆಗಳ ಕಡೆಯಿಂದ ಬರುವ ಬೆಲ್ಲದ ವಾಸನೆ ಸೇರಿಕೊಳ್ಳುತ್ತಿತ್ತು. ಹತ್ತು ಗಂಟೆಗೆ ಪಾತ್ರೆ ಆಟೋ ಹತ್ತಿ ದೊಡ್ಡಾಸ್ಪತ್ರೆಗೆ ಹೊರಡುತ್ತಿತ್ತು. ರೋಗಿಗಳಿಗೂ ಅವರ ಜೊತೆಗಿದ್ದವರಿಗೂ ಗಂಜಿ ಮತ್ತು ಹುರಿಗಡಲೆ ಚಟ್ನಿ ಬಡಿಸುವುದು ಚರ್ಚಿನ ಸ್ತ್ರೀಯರ ಕೂಟದ ಸೇವೆ. ಆ ಕೂಟಕ್ಕೆ ನಮ್ಮಮ್ಮ ಜಯಶೀಲಮ್ಮನೇ ಮುಂದಾಳು.

ಬಡಿಸಿದ ಮೇಲೆ ಅಮ್ಮ ಹಾಸಿಗೆಯಿಂದ ಹಾಸಿಗೆಗೆ ಹೋಗಿ, "ನಿಮಗೋಸ್ಕರ ಪ್ರಾರ್ಥನೆ ಮಾಡ್ಲಾ?" ಎಂದು ಕೇಳುತ್ತಿದ್ದಳು.

"ಮಾಡವ್ವ, ಯಾವ್ ದೇವ್ರಾದ್ರೇನು, ವಾಸಿಯಾದ್ರೆ ಸಾಕು" ಅನ್ನುತ್ತಿದ್ದರು ಹಳ್ಳಿಯವರು. ಅಮ್ಮ ಅವರ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚುತ್ತಿದ್ದಳು. ಆ ಕೈ ಅಲ್ಲಿ ಎಷ್ಟು ಹೊತ್ತು ಇರುತ್ತದೆ ಎಂದು ನಾನು ಬಾಗಿಲ ಬಳಿ ಲೋಟಗಳ ಬುಟ್ಟಿ ಹಿಡಿದು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ನನ್ನ ತಲೆಯ ಮೇಲೆ ಅಷ್ಟು ಹೊತ್ತು ಅದು ಯಾವತ್ತೂ ನಿಂತದ್ದಿಲ್ಲ.

ಅವರ ಹೆಸರುಗಳನ್ನೆಲ್ಲ ಅಮ್ಮ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದಳು. ಮಾರನೆಯ ದಿನ ಚರ್ಚಿನಲ್ಲಿ ಅವನ್ನು ಗಟ್ಟಿಯಾಗಿ ಓದುವವಳು ನಾನು. ಒಂದೊಂದು ಹೆಸರಿಗೂ ಸಭೆಯವರೆಲ್ಲ "ಕರ್ತನೇ, ನಮ್ಮ ಪ್ರಾರ್ಥನೆಯನ್ನು ಕೇಳು" ಅನ್ನಬೇಕು. ಆರನೆಯ ಕ್ಲಾಸಿನ ಹುಡುಗಿಗೆ ಅದೊಂದು ದೊಡ್ಡ ಅಧಿಕಾರವೇ. ಆದರೆ ಅದೇ ಹೆಸರುಗಳು ಸಂಜೆ ಮನೆಯ ಪ್ರಾರ್ಥನೆಗೂ ಬಂದು ಕೂರುತ್ತಿದ್ದವು. ಕಾಲು ಮುರಿದವರು, ಕೆಮ್ಮಿನವರು, ಬಾಣಂತಿಯರು ಎಲ್ಲರೂ ಮುಗಿದ ಮೇಲೆ ಕೊನೆಗೆ ಅಮ್ಮ, "ನನ್ನ ಮಗಳು ಶಾಂತಿಯನ್ನೂ ಕಾಪಾಡು ತಂದೆಯೇ" ಅನ್ನುತ್ತಿದ್ದಳು. "ಶಾಂತಿಯನ್ನು" ಅಲ್ಲ, "ಶಾಂತಿಯನ್ನೂ". ಆ ದೀರ್ಘ ನನಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಆ ವರ್ಷ ಆಸ್ಪತ್ರೆಯಲ್ಲಿ ರತ್ನ ಸಿಕ್ಕಿದಳು. ಮಳವಳ್ಳಿ ಕಡೆಯ ಹಳ್ಳಿಯವಳು, ನನ್ನದೇ ವಯಸ್ಸು. ಅವಳಪ್ಪ ಶಂಕರ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ತಾಯಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ನೋಡಿಕೊಳ್ಳಲು ಮಬ್ಬುಗಣ್ಣಿನ ಅಜ್ಜಿ, ಅಜ್ಜಿಯನ್ನು ನೋಡಿಕೊಳ್ಳಲು ರತ್ನ.

ಮೊದಲ ಶನಿವಾರ ನಾವಿಬ್ಬರೂ ವಾರ್ಡಿನ ಜಗಲಿಯಲ್ಲಿ ಐದು ಕಲ್ಲಿನ ಆಟ ಆಡಿದೆವು. ನನಗೆ ಮೂರನೆಯ ಕಲ್ಲೇ ಜಾರುತ್ತಿತ್ತು.

"ಅಂಗಲ್ಲ ಕಣಮ್ಮಿ, ಕೈಯ ತಟ್ಟೆ ಮಾಡ್ಬೇಡ, ಬಟ್ಲು ಮಾಡು" ಎಂದು ನನ್ನ ಬೆರಳುಗಳನ್ನು ಅವಳೇ ಮಡಚಿ ತೋರಿಸಿದಳು. ನಾನು ಗೆಲ್ಲುವವರೆಗೂ ಬಿಡಲಿಲ್ಲ. ನಿಜ ಹೇಳಬೇಕೆಂದರೆ ಅವಳು ನನಗೆ ತುಂಬ ಇಷ್ಟವಾಗಿದ್ದಳು.

ಮುಂದಿನ ಶನಿವಾರ ಅಮ್ಮ ಅಜ್ಜಿಗೆ ಹೇಳಿ ಅವಳನ್ನು ಮನೆಗೆ ಕರೆತಂದಳು. ಸೀಗೆಕಾಯಿ ಹಾಕಿ ತಲೆಗೆ ನೀರು ಹಾಕಿದಳು. ಹೊಸಿಲ ಮೇಲೆ ಕೂತು, ಅವಳನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು, ಕೊಬ್ಬರಿಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಹೇನು ತೆಗೆದು ಜಡೆ ಹಾಕಿದಳು. ಮಧ್ಯಾಹ್ನವೆಲ್ಲ ಅದೇ ಆಯಿತು. ಆ ನಲವತ್ತು ದಿನಗಳಲ್ಲಿ ಅಮ್ಮನಿಗೆ ನನ್ನ ತಲೆ ಬಾಚಲು ಪುರುಸೊತ್ತಾಗದೆ, ಸೊಟ್ಟ ಬೈತಲೆ ತೆಗೆದು ನಾನೇ ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಆಮೇಲೆ ಅಮ್ಮ ಪೆಟ್ಟಿಗೆಯಿಂದ ನನ್ನ ಕ್ರಿಸ್ಮಸ್ಸಿನ ನೀಲಿ ಫ್ರಾಕು ತೆಗೆದಳು.

"ಅಮ್ಮಾ, ಅದು ನಂದು!"

"ನಿಂಗೆ ಬಿಗಿಯಾಗುತ್ತಲ್ಲೇ."

ರತ್ನ ಅದನ್ನು ಹಾಕಿಕೊಂಡು ಗಿರಗಿರನೆ ತಿರುಗಿ, "ಎಂಗದೆ?" ಎಂದು ನನ್ನನ್ನೇ ಕೇಳಿದಳು. ನಾನು ಪೆಟ್ಟಿಗೆಯ ಮುಚ್ಚಳ ದಢಾರನೆ ಹಾಕಿದೆ. ವಿ.ಸಿ. ಫಾರಂ ಕೃಷಿ ಕೇಂದ್ರದ ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಬಂದ ಅಪ್ಪ ಬಾಗಿಲಲ್ಲೇ, "ಯಾರಮ್ಮ ಈ ರಾಜಕುಮಾರಿ?" ಅಂದರು. ನಾನು ಒಳಗೆ ಹೋಗಿ ನನ್ನ ಸೊಟ್ಟ ಜಡೆ ಬಿಚ್ಚಿ, ಎಳೆದೆಳೆದು ಮತ್ತೆ ಹಾಕಿಕೊಂಡೆ.

ಸಂಜೆಯ ಪ್ರಾರ್ಥನೆಯಲ್ಲಿ ರತ್ನ ಅಮ್ಮನಿಗೆ ಒತ್ತಿಕೊಂಡು ಕೂತಿದ್ದಳು. ಅಮ್ಮ ಶಂಕರನ ಸೊಂಟಕ್ಕಾಗಿ, ಅಜ್ಜಿಯ ಕಣ್ಣಿಗಾಗಿ, ರತ್ನಳ ಓದಿಗಾಗಿ ಬೇಡುತ್ತಾ ಬೇಡುತ್ತಾ ಗದ್ಗದಿತಳಾದಳು. ಆಮೆನ್ ಅಂದುಬಿಟ್ಟಳು. ಆ ಸಂಜೆ ನನ್ನ ಹೆಸರು ಬರಲೇ ಇಲ್ಲ.

ರಾತ್ರಿ ನಮ್ಮಲ್ಲೇ ಮಲಗಿ, ಮಾರನೆಯ ದಿನ ರತ್ನ ಚರ್ಚಿಗೂ ಬಂದಳು. ಎರಡನೆಯ ಬೆಂಚಿನಲ್ಲಿ, ಅಮ್ಮನ ಪಕ್ಕದಲ್ಲಿ, ನಾನು ಕೂರುವ ಜಾಗದಲ್ಲಿ, ನನ್ನ ಫ್ರಾಕಿನಲ್ಲಿ. ನಾನು ಹಾಳೆ ಹಿಡಿದು ಮುಂದೆ ಹೋದೆ. ಐದನೆಯ ಹೆಸರು ಶಂಕರನದು. ಅವಳು ಬಾಯಿ ಅರೆ ತೆರೆದು ನನ್ನನ್ನೇ ನೋಡುತ್ತಿದ್ದಳು. ನಾಲ್ಕನೆಯ ಹೆಸರು ಓದಿದೆ. "ಕರ್ತನೇ, ನಮ್ಮ ಪ್ರಾರ್ಥನೆಯನ್ನು ಕೇಳು" ಅಂದರು ಸಭೆಯವರು. ನಾನು ಆರನೆಯದಕ್ಕೆ ಹಾರಿದೆ. ಒಂದು ಕ್ಷಣ ಕಾಲಿನಿಂದ ತಲೆಯವರೆಗೆ ತಂಪೆನಿಸಿತು.

ಹಾಳೆ ಮಡಚುವಷ್ಟರಲ್ಲಿ ರತ್ನ ಎದ್ದು ನಿಂತಿದ್ದಳು.

"ಅಮ್ಮೋರೆ, ನಮ್ಮಪ್ಪನ್ ಎಸ್ರೇ ಏಳ್ನಿಲ್ಲ ಈ ಅಮ್ಮಿ."

ಅಮ್ಮ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ನಮ್ಮ ಪಾದ್ರಿ ಅಯ್ಯನವರು ಮೆತ್ತಗೆ, "ಬಾ ಮಗಾ, ನೀನೇ ಹೇಳು" ಎಂದು ಅವಳನ್ನು ಕರೆದರು.

ಅವಳಿಗೆ ಕಣ್ಣು ಮುಚ್ಚಬೇಕೆಂದು ಗೊತ್ತಿರಲಿಲ್ಲ. ಸೂರಿನ ಕಡೆ ಮುಖವೆತ್ತಿ, ದೂರದ ಹೊಲದಲ್ಲಿರುವವರನ್ನು ಕೂಗುವಂತೆ ಹೇಳಿದಳು: "ಸ್ವಾಮಿ, ನಮ್ಮಪ್ಪನ್ ಎಸ್ರು ಸಂಕ್ರ. ಮರದಿಂದ ಬಿದ್ಬುಟ್ಟವ್ನೆ. ಎದ್ದು ನಿಂತ್ಕಳಂಗೆ ಮಾಡು. ನಮ್ಮಜ್ಜಿಗೆ ಕಣ್ಣು ಕಾಣಕ್ಕಿಲ್ಲ, ನಂಗೊಬ್ಳಿಗೇ ಆಗಕ್ಕಿಲ್ಲ. ಈ ಅಮ್ಮೋರ ಮಗ್ಳು ಮರ್ತವ್ಳೆ. ಅವ್ಳಿಗೇನೂ ಮಾಡ್ಬೇಡ ಸ್ವಾಮಿ."

ಸಭೆಯವರು ಅಂದ ಆಮೆನ್ನಿಗೆ ಕಿಟಕಿಯ ಗಾಜು ಅದುರಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಅಷ್ಟು ದಿನ ತಪ್ಪಿಲ್ಲದೆ, ಸ್ಪಷ್ಟವಾಗಿ ಓದಿದ್ದಕ್ಕೆ ಅಂಥ ಆಮೆನ್ ಒಮ್ಮೆಯೂ ಬಂದಿರಲಿಲ್ಲ. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅವಳ ಮೇಲಿನ ಉರಿ ಎರಡರಷ್ಟಾಯಿತು.

ಮನೆಗೆ ಬಂದು ಅಮ್ಮ ಒಲೆಯ ಮುಂದೆ ನಿಂತು, ತಿರುಗದೆಯೇ ಕೇಳಿದಳು: "ಮರೆತೆಯಾ, ಬೇಕಂತ ಬಿಟ್ಟೆಯಾ?"

"ಬೇಕಂತಲೇ ಬಿಟ್ಟೆ."

"ಅವಳಿಗೆ ಅಮ್ಮ ಇಲ್ಲ ಕಣೇ ಶಾಂತಿ."

"ನಂಗೂ ಇಲ್ಲ."

ಸಾರಿಗೆ ಉಪ್ಪು ಹಾಕುತ್ತಿದ್ದ ಅಮ್ಮನ ಕೈ ಅಲ್ಲೇ ನಿಂತಿತು. ಹೊಡೆಯುತ್ತಾಳೆ ಅಂದುಕೊಂಡು ಭುಜ ಗಟ್ಟಿ ಮಾಡಿಕೊಂಡೆ. ಅವಳು ಹೊಡೆಯಲಿಲ್ಲ. ಸಾರು ಕುದಿದು ಉಕ್ಕಿ ಒಲೆಗೆ ಸುರಿದರೂ ಅದನ್ನು ಇಳಿಸಲಿಲ್ಲ.

ಮುಂದಿನ ಶನಿವಾರ ಅಮ್ಮ ಆಸ್ಪತ್ರೆಗೆ ಹೋಗಲಿಲ್ಲ. "ಇವತ್ತು ನೀವೇ ನೋಡ್ಕೊಳ್ಳಿ" ಎಂದು ಕೂಟದವರಿಗೆ ಹೇಳಿಕಳಿಸಿ, ನನ್ನ ತಲೆ ಬಾಚಿ, "ನಡಿ, ಕೊಕ್ಕರೆ ಬೆಳ್ಳೂರಿಗೆ ಹೋಗ್ಬರೋಣ, ನಾವಿಬ್ರೇ" ಅಂದಳು.

ಮದ್ದೂರಿನಲ್ಲಿ ಬಸ್ಸಿಳಿದು ಬಿಸಿ ವಡೆ ತಿಂದೆವು. ಈರುಳ್ಳಿ ಕರುಂ ಅನ್ನುವ ಅಂಚನ್ನು ಅಮ್ಮ ಮುರಿದು ನನಗೇ ಕೊಟ್ಟಳು. ಬೆಳ್ಳೂರಿನ ಹುಣಸೆಮರಗಳ ತುಂಬ ಕೊಕ್ಕರೆಗಳು, ಚೀಲಗೊಕ್ಕಿನ ಹೆಜ್ಜಾರ್ಲೆಗಳು. ಕೆಳಗೆಲ್ಲ ಮೀನಿನ ನಾತ, ಸುಣ್ಣ ಚೆಲ್ಲಿದಂಥ ಹಿಕ್ಕೆ. ಜಗಲಿಯಲ್ಲಿ ರಾಗಿ ಕೇರುತ್ತಿದ್ದ ಒಬ್ಬ ಮುದುಕಿ, "ಬಾಣಂತನಕ್ಕೆ ತವ್ರಿಗೆ ಬಂದಿರೋ ಎಣ್ಮಕ್ಳು ಕಣವ್ವ ಇವು. ನಾವು ಗದ್ರಕ್ಕಿಲ್ಲ" ಅಂದಳು. ಗೂಡಿನಲ್ಲಿ ಒಂದು ಮರಿ ಇನ್ನೊಂದನ್ನು ತಳ್ಳಿ ತಾಯಿಯ ಕೊಕ್ಕಿಗೆ ಬಾಯಿ ಹಾಕುತ್ತಿತ್ತು. ಅಮ್ಮ ಅದನ್ನು ಬಹಳ ಹೊತ್ತು ನೋಡಿದಳು. ಹನ್ನೊಂದರ ಹೊತ್ತಿಗೆ ಒಮ್ಮೆ ಕೈಗಡಿಯಾರ ನೋಡಿಕೊಂಡಳು. ಗಂಜಿ ಬಡಿಸುವ ಹೊತ್ತದು. ನಾನು ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದೆ. ಅಂದು ನನ್ನಷ್ಟು ಸುಖಿ ಇಡೀ ಮದ್ದೂರು ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ.

ಮರುವಾರ ಆಸ್ಪತ್ರೆಗೆ ಹೋದಾಗ ಶಂಕರನ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಪಕ್ಕದ ಹಾಸಿಗೆಯ ರೋಗಿಯ ಹೆಂಡತಿ ಹೇಳಿದಳು: "ಮೈಸೂರಿಗೆ ಕರ್ಕೊಂಡೋದ್ರು ಕಣಮ್ಮೋರೆ, ಓದ್ ಸನಿವಾರ್ವೇ. ಆ ಎಣ್ ಮಗ ಬೆಳಗ್ಗಿಂದ ಬಾಗ್ಲಲ್ಲೇ ಕುಂತಿತ್ತು. ಅಮ್ಮೋರು ಬತ್ತಾರೆ, ಒಸಿ ತಡೀರಿ ಅಂತ ಗಾಡಿ ಅತ್ತಕ್ಕೇ ಒಪ್ನಿಲ್ಲ. ಕೊನೀಗೆ ಎತ್ತಾಕ್ಕೊಂಡೋದ್ರು."

ಅಮ್ಮ ನನ್ನ ಕಡೆ ತಿರುಗಲೇ ಇಲ್ಲ. ಅವರ ಊರಿನ ಹೆಸರು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮಳವಳ್ಳಿ ಕಡೆ ಅಂತಷ್ಟೇ. ಶಂಕರ ಎದ್ದು ನಡೆದನೋ ಇಲ್ಲವೋ, ರತ್ನ ಓದಿದಳೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಮಳವಳ್ಳಿ ಬಸ್ಸಿನಲ್ಲಿ ನನ್ನ ವಯಸ್ಸಿನ ಹೆಂಗಸರನ್ನು ಕಂಡರೆ ಈಗಲೂ ಅವರ ಮುಖವನ್ನೇ ನೋಡುತ್ತೇನೆ. ಆ ದಿನದಿಂದ ಸಂಜೆಯ ಪ್ರಾರ್ಥನೆಯಲ್ಲಿ ಅಮ್ಮ ನನ್ನ ಹೆಸರನ್ನು ಎಲ್ಲರಿಗಿಂತ ಮೊದಲು ಹೇಳತೊಡಗಿದಳು. ನಾನು ಗೆದ್ದಿದ್ದೆ. ಆದರೆ ಅದನ್ನು ಹೇಳುವಾಗ ಅವಳ ದನಿ ಎಚ್ಚರದಿಂದ ಹೆಜ್ಜೆಯಿಡುತ್ತಿತ್ತು, ಎಲ್ಲಿ ಮರೆತುಬಿಡುತ್ತೇನೋ ಎಂಬಂತೆ. ಹಿಂದೆ ಎಲ್ಲರ ಕೊನೆಯಲ್ಲಿ ಹೇಳುತ್ತಿದ್ದಾಗ ಆ ಅಂಜಿಕೆ ಇರಲಿಲ್ಲ.

ಅಮ್ಮ ಹೋದ ವರ್ಷ ತೀರಿಕೊಂಡಳು. ಮಣ್ಣಿಗೆ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಒಬ್ಬರ ಗುರುತೂ ನನಗಿರಲಿಲ್ಲ. ಒಬ್ಬ ಹೆಂಗಸು ಶವಪೆಟ್ಟಿಗೆ ಹಿಡಿದುಕೊಂಡು ನನಗಿಂತ ಜೋರಾಗಿ ಅತ್ತಳು. "ನನ್ ಮಗೀನ ಉಳ್ಸಿದ್ ಕೈ ಕಣವ್ವ ಇದು" ಅಂದಳು. ಈ ವಯಸ್ಸಿನಲ್ಲೂ, ಆ ಗಳಿಗೆಯಲ್ಲೂ, ಅವಳನ್ನು ಕಂಡು ನನಗೆ ಹೊಟ್ಟೆ ಉರಿಯಿತು. ಅಮ್ಮನ ಯಾವುದೋ ಒಂದು ಶನಿವಾರ ಅವಳ ಹತ್ತಿರವಿತ್ತು, ನನ್ನ ಹತ್ತಿರ ಇರಲಿಲ್ಲ.

ಬೇವಿನ ಮರದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಪ್ರಾರ್ಥನೆಯ ಕೋರಿಕೆಗಳು ವಾಟ್ಸ್ಆ್ಯಪ್ ಗುಂಪಿಗೆ ಬರುತ್ತವೆ. ನಾವು ಜೋಡಿಸಿದ ಕೈಗಳ ಚಿತ್ರ ಒತ್ತಿ ಮುಂದಕ್ಕೆ ಹೋಗುತ್ತೇವೆ. ಆಸ್ಪತ್ರೆಗೆ ವರ್ಷಕ್ಕೊಮ್ಮೆ ಬ್ರೆಡ್ಡು, ಹಣ್ಣು ಹಂಚಿ ಫೋಟೋ ತೆಗೆಸಿಕೊಂಡು ಬರುತ್ತೇವೆ. ನನ್ನ ಮಗಳಿಗೆ ಈಗ ಹನ್ನೊಂದು ವರ್ಷ. ದಿನಾ ಅವಳ ತಲೆ ಬಾಚುತ್ತೇನೆ, ಸಂಜೆ ಅವಳೊಬ್ಬಳಿಗಾಗಿಯೇ ಪ್ರಾರ್ಥಿಸುತ್ತೇನೆ. ಅವಳು ನನ್ನಂತೆ ಯಾವತ್ತೂ ಉರಿದುಕೊಂಡದ್ದಿಲ್ಲ. ಉರಿದುಕೊಳ್ಳುವಂಥ ಯಾರನ್ನೂ ನಾನು ಮನೆಗೆ ಕರೆತಂದದ್ದೂ ಇಲ್ಲ.